ಲಾನಿನಲ್ಲಿ ಹಬ್ಬಿರುವುದು ಒಂದೆಲಗವೋ, ಗ್ರೌಂಡ್ ಐವಿಯೋ?

ಕೊಲಂಬಸ್_ಹಿತ್ತಲು:

ಎಲ್ಲರಿಗೂ ನಮಸ್ಕಾರ. ಮನೆ ಇರುವುದು ಓಹಾಯೋದ ಕೊಲಂಬಸ್ ಪಕ್ಕ. ಹಿತ್ತಲಲ್ಲಿ ಎರಡು ದೊಡ್ಡ ಮೇಪಲ್ ಮರಗಳಿವೆ. ಅವುಗಳ ನೆರಳಲ್ಲಿ ಸುಮಾರು 400 ಚದರಡಿ ಲಾನಿಗೆ ಒಂದು ಬಳ್ಳಿ ಹಬ್ಬಿದೆ. ಎಲೆ ದುಂಡಗೆ, ತೊಟ್ಟಿನ ಕಡೆ ಒಳಕ್ಕೆ ಕಚ್ಚು, ಅಂಚಿಗೆ ಮೊಂಡು ಹಲ್ಲು, ಅಗಲ ಒಂದು ಇಂಚಿನಷ್ಟು. ನೆಲಕ್ಕೇ ಅಂಟಿಕೊಂಡು ಹರಿಯುತ್ತದೆ, ಗೆಣ್ಣು ಗೆಣ್ಣಿಗೂ ಬೇರು ಬಿಟ್ಟಿದೆ. ಊರಿನಿಂದ ಬಂದವರೆಲ್ಲ ಒಂದೆಲಗ ಎನ್ನುತ್ತಾರೆ. ಪಕ್ಕದ ಮನೆಯವರು ಮಾತ್ರ ಗ್ರೌಂಡ್ ಐವಿ, ಕ್ರೀಪಿಂಗ್ ಚಾರ್ಲಿ ಎಂದೂ ಕರೆಯುತ್ತಾರೆ, ಬೇಗ ತೆಗೆಸಿ ಎಂದರು.

ತಂಬುಳಿಗೆ ಕೀಳುವ ಮುಂಚೆ ಖಚಿತ ಆಗಬೇಕು. ಎರಡನ್ನೂ ಬೇರೆ ಮಾಡಿ ಗುರುತಿಸುವುದು ಹೇಗೆ? ಐವಿ ಎಂದ ಮೇಲೆ ಪಾಯ್ಸನ್ ಐವಿಯ ಹಾಗೆ ಮೈ ಕೆರೆತ ಬರುತ್ತದೆಯೇ? ಗ್ರೌಂಡ್ ಐವಿಯೇ ಆಗಿದ್ದರೆ ಹುಲ್ಲು ಕೆಡದ ಹಾಗೆ ತೆಗೆಯುವ ದಾರಿ ಯಾವುದು?

ಮಲೆನಾಡ_ಸೊಪ್ಪು:

ಮೊದಲು ಋತುಮಾನದಿಂದಲೇ ನೋಡಿ. ಒಂದೆಲಗ ಬಿಸಿಲು ನಾಡಿನ, ತೇವದ ನೆಲದ ಗಿಡ. ಗಟ್ಟಿ ಹಿಮ ಬಿದ್ದರೆ ಸುಟ್ಟುಹೋಗುತ್ತದೆ. ಓಹಾಯೋದ ಚಳಿಗಾಲವನ್ನು ಹೊರಗೆ ದಾಟಿ, ಮತ್ತೆ ಮಾರ್ಚಿನಲ್ಲಿ ಅದೇ ಜಾಗದಲ್ಲಿ ಹಸಿರಾಗಿ ಎದ್ದಿದೆ ಎಂದರೆ ಒಂದೆಲಗ ಆಗಿರಲಾರದು. ಗ್ರೌಂಡ್ ಐವಿಯಾದರೆ ಹಿಮದ ಅಡಿಯಲ್ಲೂ ಅರೆಹಸಿರಾಗಿ ಉಳಿದುಕೊಳ್ಳುತ್ತದೆ.

ಆಮೇಲೆ ಒಂದು ಗೇಣು ಬಳ್ಳಿ ಕಿತ್ತು ಕೈಯಲ್ಲಿ ಹಿಡಿದುಕೊಳ್ಳಿ. ಕಾಂಡವನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊರಳಿಸಿ. ಗ್ರೌಂಡ್ ಐವಿಯ ಕಾಂಡ ಸಲೀಸಾಗಿ ಹೊರಳುವುದಿಲ್ಲ. ತುಳಸಿ, ಪುದೀನದ ಎಳೆಕಾಂಡದಂತೆ ನಾಲ್ಕು ಅಂಚು ಬೆರಳಿಗೆ ಸಿಗುತ್ತವೆ. ಇದು ತುಳಸಿಯ ಕುಟುಂಬಕ್ಕೇ ಸೇರಿದ್ದು, ಸಸ್ಯಶಾಸ್ತ್ರದ ಹೆಸರು ಗ್ಲೆಕೋಮಾ ಹೆಡರೇಸಿಯಾ. ಒಂದೆಲಗದ ಬಳ್ಳಿ ದುಂಡಗೆ, ನುಣ್ಣಗೆ, ತುಸು ಕೆಂಪು ಛಾಯೆಯದು. ಅದು ಸೆಂಟೆಲ್ಲಾ ಏಷಿಯಾಟಿಕಾ. ಕೊತ್ತಂಬರಿ, ಕ್ಯಾರೆಟ್ಟುಗಳ ಕುಟುಂಬದ್ದು.

ಇನ್ನೂ ಗಟ್ಟಿ ಗುರುತು ಗೆಣ್ಣಿನಲ್ಲಿದೆ. ಗ್ರೌಂಡ್ ಐವಿಯಲ್ಲಿ ಪ್ರತಿ ಗೆಣ್ಣಿಗೂ ಎರಡು ಎಲೆ, ಎದುರುಬದುರು. ಮುಂದಿನ ಗೆಣ್ಣಿನ ಜೋಡಿ ಇದಕ್ಕೆ ಅಡ್ಡಲಾಗಿ ಕೂತಿರುತ್ತದೆ. ಒಂದೆಲಗದಲ್ಲಿ ಹಾಗಲ್ಲ. ಬಳ್ಳಿ ಬರಿದಾಗಿ ಓಡಿ, ಗೆಣ್ಣು ಬಂದಲ್ಲಿ ಕೆಳಕ್ಕೆ ಬೇರು, ಮೇಲಕ್ಕೆ ಉದ್ದ ತೊಟ್ಟಿನ ಒಂದೆರಡು ಎಲೆ ಗುಂಪಾಗಿ ಏಳುತ್ತವೆ. ಎಲೆಯ ಮುಖವೂ ಬೇರೆ: ಒಂದೆಲಗದ್ದು ನಯ, ನರಗಳು ತೊಟ್ಟು ಸೇರುವ ಒಂದೇ ಬಿಂದುವಿನಿಂದ ಬೀಸಣಿಗೆಯಂತೆ ಹರಡುತ್ತವೆ. ಗ್ರೌಂಡ್ ಐವಿಯದ್ದು ನರಗಳ ಬಲೆಯಿಂದ ಸುಕ್ಕುಸುಕ್ಕು, ಮೇಲೆ ಸಣ್ಣ ರೋಮ.

ಎಲೆ ಉಜ್ಜಿ ಮೂಸಿ. ಪುದೀನಕ್ಕೆ ಸ್ವಲ್ಪ ಒಗರು ಬೆರೆಸಿದಂಥ ಕಟು ವಾಸನೆ ಬಂದರೆ ಗ್ರೌಂಡ್ ಐವಿ. ಏಪ್ರಿಲ್-ಮೇನಲ್ಲಿ ಹೂ ಬಿಟ್ಟರೆ ಸಂಶಯವೇ ಉಳಿಯುವುದಿಲ್ಲ: ಎಲೆಕಂಕುಳಲ್ಲಿ ಎರಡು-ಮೂರರಂತೆ ನೀಲಿ-ನೇರಳೆ ಬಣ್ಣದ, ಎರಡು ತುಟಿಯ ಕೊಳವೆ ಹೂಗಳು, ಕೆಳತುಟಿಯ ಮೇಲೆ ಗಾಢ ಚುಕ್ಕೆ. ಒಂದೆಲಗದ ಹೂ ಕಾಣಬೇಕಾದರೆ ಎಲೆ ಸರಿಸಿ ಹುಡುಕಬೇಕು. ನೆಲಕ್ಕೆ ತಾಗಿದಂತೆ, ಕಡಲೆಬೇಳೆಗಿಂತ ಚಿಕ್ಕವು, ಬಿಳಿ ಅಥವಾ ನಸುಗೆಂಪು.

ಅಮೆರಿಕದ ಲಾನುಗಳಲ್ಲಿ ದುಂಡೆಲೆಯವು ಇನ್ನೂ ಇವೆ, ಅವನ್ನೂ ಒಂದೆಲಗ ಎಂದುಕೊಳ್ಳಬಾರದು. ಕಾಮನ್ ಮ್ಯಾಲೋ ಗಿಡದ ಎಲೆ ದುಂಡಗಿದ್ದರೂ ಕಾಂಡದ ಮೇಲೆ ಒಂದೊಂದಾಗಿ ಬರುತ್ತದೆ. ಒಂದೇ ಆಳದ ತಾಯಿಬೇರು, ಗೆಣ್ಣಿಗೆ ಬೇರಿಲ್ಲ. ಎಚ್ಚರ ಬೇಕಾದ್ದು ಲೆಸ್ಸರ್ ಸೆಲಂಡೈನ್ ಬಗ್ಗೆ: ವಸಂತದ ಆರಂಭದಲ್ಲಿ ಹೊಳೆಯುವ ಹೃದಯಾಕಾರದ ಎಲೆ, ಹೊಳೆಯುವ ಹಳದಿ ಹೂ, ಮಣ್ಣಲ್ಲಿ ಸಣ್ಣ ಸಣ್ಣ ಗೆಡ್ಡೆ. ಅದು ಹಸಿಯಾಗಿ ತಿಂದರೆ ವಿಷ.

ತಂಬುಳಿ ವಿಚಾರ: ಮಾಡಬೇಡಿ. ಯುರೋಪಿನಲ್ಲಿ ಗ್ರೌಂಡ್ ಐವಿಯನ್ನು ಹಿಂದೆ ಚಹಾಕ್ಕೆ, ಏಲ್ ಎಂಬ ಬಿಯರಿಗೆ ಕಹಿ ಕೊಡಲು ಬಳಸುತ್ತಿದ್ದರು ನಿಜ. ಇಂಗ್ಲೆಂಡಿನಲ್ಲಿ ಹಾಪ್ಸ್ ಬಳಕೆ ಬೇರೂರುವ ತನಕ ಅದೇ ವಾಡಿಕೆ. ಏಲ್‌ಹೂಫ್ ಎಂಬ ಅದರ ಹಳೆ ಹೆಸರು ಅಲ್ಲಿಂದಲೇ ಬಂದದ್ದು. ಆದರೆ ಕುದಿಸುವ ಪಾತ್ರೆಗೆ ನಾಲ್ಕು ಎಲೆ ಹಾಕುವುದು ಬೇರೆ, ಒಂದು ಹಿಡಿ ಹಸಿ ಸೊಪ್ಪನ್ನು ಬೇರುಸಹಿತ ಕಾಯಿಯ ಜೊತೆ ರುಬ್ಬಿ ಮಜ್ಜಿಗೆಗೆ ಹಾಕುವುದು ಬೇರೆ. ಇದರ ತೈಲದಲ್ಲಿ ಪುಲೆಗೋನ್ ಎಂಬ ಅಂಶವಿದೆ, ಪ್ರಮಾಣ ಹೆಚ್ಚಾದರೆ ಯಕೃತ್ತಿಗೆ ಕೆಟ್ಟದ್ದು. ಹಸಿಯಾಗಲಿ ಒಣಹುಲ್ಲಿನಲ್ಲಾಗಲಿ ಇದನ್ನು ಹೆಚ್ಚು ತಿಂದ ಕುದುರೆಗಳಿಗೆ ವಿಷವೇರುವುದು ದಾಖಲಾಗಿದೆ. ಗರ್ಭಿಣಿಯರು, ಲಿವರ್ ಅಥವಾ ಕಿಡ್ನಿ ತೊಂದರೆ ಇರುವವರು ಚಹಾ ರೂಪದಲ್ಲೂ ಮುಟ್ಟಬಾರದು.

ಕುಡ್ಲದ_ತೋಟ:

ಹೆಸರಿನ ಗೊಂದಲಕ್ಕೆ ನಾಲ್ಕು ಮಾತು ಸೇರಿಸುತ್ತೇನೆ. ಇಂಗ್ಲಿಷಿನಲ್ಲಿ ಐವಿ ಎಂಬ ಬಾಲ ಇರುವ ಗಿಡಗಳೆಲ್ಲ ನೆಂಟರಲ್ಲ. ಹೆಡೆರಾ ಎಂಬ ಕುಲದವು ಮಾತ್ರ ನಿಜವಾದ ಐವಿ: ಇಂಗ್ಲಿಷ್ ಐವಿ, ಐರಿಶ್ ಐವಿ, ನಮ್ಮ ಹಿಮಾಲಯದ ಹೆಡೆರಾ ನೇಪಾಲೆನ್ಸಿಸ್. ಉಳಿದವಕ್ಕೆ ಎಲೆಯ ಆಕಾರವೋ ಹಬ್ಬುವ ಗುಣವೋ ಆ ಹೆಸರು ತಂದುಕೊಟ್ಟಿದೆ.

ನಮಗೆ ತೀರ ಹತ್ತಿರದ ಉದಾಹರಣೆ ತೊಂಡೆಕಾಯಿ. ಇಂಗ್ಲಿಷಿನಲ್ಲಿ ಅದು ಐವಿ ಗೋರ್ಡ್. ಊರಲ್ಲಿ ಚಪ್ಪರದ ತರಕಾರಿ. ಹವಾಯಿ, ಗುವಾಮ್, ಸೈಪಾನ್ ದ್ವೀಪಗಳಲ್ಲಿ ಮರಗಳನ್ನೇ ಮುಚ್ಚಿಹಾಕುವ ಕಳೆ. ಮನೆಯೊಳಗಿನ ಮನಿ ಪ್ಲಾಂಟಿಗೆ ಡೆವಿಲ್ಸ್ ಐವಿ ಎನ್ನುತ್ತಾರೆ. ಅದು ಕೆಸುವಿನ ಬಳಗದ್ದು. ಕೆಸುವಿನ ಹಾಗೇ ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಗಳಿವೆ, ಮಗು ಅಗಿದರೆ ಬಾಯಿ ತುರಿಸಿ ಊದುತ್ತದೆ. ಬಾಸ್ಟನ್ ಐವಿ ದ್ರಾಕ್ಷಿ ಕುಟುಂಬದ್ದು, ಮೂಲ ಚೀನಾ, ಕೊರಿಯಾ, ಜಪಾನ್. ಶಿಕಾಗೋದ ರಿಗ್ಲಿ ಫೀಲ್ಡ್ ಬೇಸ್‌ಬಾಲ್ ಮೈದಾನದ ಗೋಡೆ ಮೇಲೆ 1937ರಿಂದ ಇರುವುದು ಅದೇ. ಕೇಪ್ ಐವಿ ಸೂರ್ಯಕಾಂತಿ ಕುಟುಂಬದ್ದು, ದಕ್ಷಿಣ ಆಫ್ರಿಕಾದಿಂದ ಬಂದು ನೀಲಗಿರಿಯಲ್ಲಿ ಬೀಡುಬಿಟ್ಟಿದೆ. ಸ್ವೀಡಿಷ್ ಐವಿಯ ತವರೂ ಆಫ್ರಿಕಾದ ದಕ್ಷಿಣ ಭಾಗವೇ, ಸ್ವೀಡನ್ ಅಲ್ಲ. ಅದು ನಮ್ಮ ದೊಡ್ಡಪತ್ರೆಯ ಹತ್ತಿರದ ಸಂಬಂಧಿ.

ಕ್ರೀಪಿಂಗ್ ಚಾರ್ಲಿ ಎಂಬ ಹೆಸರಂತೂ ಕನಿಷ್ಠ ಮೂರು ಗಿಡಗಳಿಗಿದೆ. ಅಮೆರಿಕದ ಲಾನಿನಲ್ಲಿ ಗ್ರೌಂಡ್ ಐವಿ, ಕುಂಡದ ಗಿಡ ಮಾರುವವರಲ್ಲಿ ಪೈಲಿಯಾ ನಮ್ಯುಲಾರಿಫೋಲಿಯಾ, ಕೆಲವರ ಬಾಯಲ್ಲಿ ಆ ಸ್ವೀಡಿಷ್ ಐವಿ. ಹಾಗಾಗಿ ಕ್ರೀಪಿಂಗ್ ಚಾರ್ಲಿಗೆ ಯಾವ ಔಷಧಿ ಎಂದು ಹುಡುಕಿದರೆ ಬೇರೆ ಗಿಡದ ಉತ್ತರ ಸಿಗಬಹುದು. ಗ್ಲೆಕೋಮಾ ಎಂದೇ ಹುಡುಕಿ. ನಮ್ಮಲ್ಲೂ ಇದೇ ಕತೆ: ಬ್ರಾಹ್ಮಿ ಎಂದರೆ ಕೆಲವರಿಗೆ ಒಂದೆಲಗ, ಕೆಲವರಿಗೆ ನೀರುಬ್ರಾಹ್ಮಿ. ನೀರುಬ್ರಾಹ್ಮಿಯದ್ದು ದಪ್ಪ ಪುಟ್ಟ ಎಲೆ, ದುಂಡು ಎಲೆಯಲ್ಲ.

ಲಾನಿನ ಕಳೆ ತೆಗೆಯಲು ಬೋರಾಕ್ಸ್ (ಬಿಳಿಗಾರ) ನೀರು ಹಾಕುತ್ತಾರೆ ಎಂದು ಕೇಳಿದ್ದೇನೆ, ರಾಸಾಯನಿಕ ಬೇಡದವರಿಗೆ ಅದು ಆಗಬಹುದೇನೋ.

ಮಿಷಿಗನ್_ಹುಲ್ಲುಹಾಸು:

ಬೋರಾಕ್ಸ್ ಬೇಡ. ಹಿಂದೆ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗದವರು 10 ಔನ್ಸ್ ಬೋರಾಕ್ಸನ್ನು ಸ್ವಲ್ಪ ಬಿಸಿನೀರಲ್ಲಿ ಕರಗಿಸಿ, ಎರಡೂವರೆ ಗ್ಯಾಲನ್ ನೀರಿಗೆ ಸೇರಿಸಿ, 1000 ಚದರಡಿಗೆ ಸಿಂಪಡಿಸಿ ಎಂದು ಹೇಳುತ್ತಿದ್ದರು. ಆಮೇಲೆ ಆ ಸಲಹೆಯನ್ನು ಕೈಬಿಟ್ಟರು. ಬೋರಾಕ್ಸಿನಲ್ಲಿರುವ ಬೋರಾನ್ ಮೂಲಧಾತು. ಕಳೆನಾಶಕದ ಹಾಗೆ ಮಣ್ಣಲ್ಲಿ ಒಡೆದು ಮುಗಿಯುವುದಿಲ್ಲ, ಹಾಕಿದಷ್ಟೂ ಸೇರುತ್ತಾ ಹೋಗುತ್ತದೆ. ಗ್ರೌಂಡ್ ಐವಿಗೆ ಸಾಕಾಗುವ ಪ್ರಮಾಣಕ್ಕೂ ಹುಲ್ಲು ಸುಡುವ ಪ್ರಮಾಣಕ್ಕೂ ಅಂತರ ತೀರ ಕಡಿಮೆ. ನಿಮ್ಮ ಅಳತೆ ಸ್ವಲ್ಪ ತಪ್ಪಿದರೂ ಆ ಜಾಗದಲ್ಲಿ ವರ್ಷಗಟ್ಟಲೆ ಏನೂ ಬೆಳೆಯದು. ಅಡುಗೆಮನೆ ಸಾಮಾನಿನ ಪಕ್ಕ ಮಾರುತ್ತಾರೆ ಎಂದಾಕ್ಷಣ ಅದು ರಾಸಾಯನಿಕ ಅಲ್ಲ ಎಂದಾಗುವುದಿಲ್ಲ.

400 ಚದರಡಿ ಕೈಯಲ್ಲೂ ಆಗುವ ಕೆಲಸ, ತಾಳ್ಮೆ ಇದ್ದರೆ. ಬೇರು ಆಳವಿಲ್ಲ, ಮೇಲಿನ ಒಂದು ಇಂಚಿನಲ್ಲೇ ಇರುತ್ತದೆ. ಮಳೆ ಬಂದ ಮರುದಿನ, ಅಥವಾ ಹಿಂದಿನ ಸಂಜೆ ಚೆನ್ನಾಗಿ ನೀರು ಬಿಟ್ಟು ಶುರುಮಾಡಿ. ಹಬ್ಬಿರುವ ಹೊರ ಅಂಚಿನಿಂದ ಒಳಕ್ಕೆ ಬನ್ನಿ. ನಡುವಿನಿಂದ ಎಳೆದರೆ ಹೊರಗಿನ ಕುಡಿಗಳು ಹರಿದು ಅಲ್ಲೇ ಉಳಿಯುತ್ತವೆ. ಬಳ್ಳಿಯನ್ನು ಜಗ್ಗಬೇಡಿ. ಕೈಫೋರ್ಕನ್ನು ಗೆಣ್ಣಿನ ಕೆಳಗೆ ತೂರಿಸಿ, ಮೇಲಕ್ಕೆ ಮೀಟಿ, ಮುಂದಿನ ಗೆಣ್ಣಿಗೆ ಹೋಗಿ. ಹೀಗೆ ಮಾಡಿದರೆ ಒಂದೊಂದು ಗಜ ಉದ್ದದ ಬಳ್ಳಿ ಇಡಿಯಾಗಿ ಬರುತ್ತದೆ. ಒಂದು ಗೆಣ್ಣು ಉಳಿದರೂ ಅದೇ ಹೊಸ ಗಿಡ. ಎರಡು ವಾರಕ್ಕೊಮ್ಮೆ ಅದೇ ಜಾಗ ಮತ್ತೆ ನೋಡಿ, ಇಡೀ ಬೇಸಿಗೆ. ಕಿತ್ತದ್ದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಅಲ್ಲೂ ಬೇರು ಬಿಡುತ್ತದೆ. ಕಪ್ಪು ಕಸದ ಚೀಲದಲ್ಲಿ ಗಂಟು ಕಟ್ಟಿ ಬಿಸಿಲಲ್ಲಿ ಎರಡು-ಮೂರು ವಾರ ಬೇಯಲು ಬಿಟ್ಟು ಆಮೇಲೆ ಎಸೆಯಿರಿ. ಲಾನಿನ ಮೇಲೆ ಹುಲ್ಲು ಕತ್ತರಿಸುವ ಯಂತ್ರ ಓಡಿಸುವಾಗಲೂ ಅಷ್ಟೇ: ಕಳೆ ಇರುವ ಭಾಗವನ್ನು ಕೊನೆಗೆ ಕತ್ತರಿಸಿ, ತುಂಡುಗಳನ್ನು ಚೀಲದಲ್ಲಿ ಹಿಡಿಯಿರಿ.

ಕಳೆನಾಶಕ ಬಳಸುವುದಾದರೆ ಎರಡು ವಿಷಯ ಮುಖ್ಯ: ಯಾವುದು, ಯಾವಾಗ. ಡಬ್ಬಿಯ ಮೇಲೆ ಅಗಲ ಎಲೆ ಕಳೆಗೆ ಎಂದಿದ್ದರೆ ಸಾಲದು. 2,4-ಡಿ ಒಂದೇ ಇದ್ದರೆ ಗ್ರೌಂಡ್ ಐವಿ ಎಲೆ ಸುರುಳಿ ಸುತ್ತಿಕೊಂಡು ತಿಂಗಳಲ್ಲಿ ಮತ್ತೆ ಚಿಗುರುತ್ತದೆ. ಒಳಗೇನಿದೆ ಎಂಬ ಸಾಲಿನಲ್ಲಿ ಟ್ರೈಕ್ಲೋಪಿರ್ ಇದೆಯೇ ನೋಡಿ, ಇದಕ್ಕೆ ಅತಿ ಹೆಚ್ಚು ಪರಿಣಾಮಕಾರಿ ಅದೇ. 2,4-ಡಿ, ಮೆಕೊಪ್ರಾಪ್, ಡೈಕಾಂಬಾ ಮೂರೂ ಸೇರಿದ ಮಿಶ್ರಣ ಎರಡನೆಯ ಆಯ್ಕೆ. ಆದರೆ ಮೇಪಲ್ ಬೇರು ಇರುವ ಕಡೆ ಡೈಕಾಂಬಾ ಬೇಡ. ಮಣ್ಣಲ್ಲಿ ಇಳಿದು ಬೇರಿನ ಮೂಲಕ ಮರಕ್ಕೆ ಹೋಗುತ್ತದೆ, ಎಲೆ ಬಟ್ಟಲಿನಂತೆ ಮುದುಡಿಕೊಳ್ಳುತ್ತದೆ. ಗ್ಲೈಫೋಸೇಟ್ ಹುಲ್ಲನ್ನೂ ಕೊಲ್ಲುತ್ತದೆ.

ಸಮಯ: ಶರದೃತು. ಓಹಾಯೋದಲ್ಲಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಮೊದಲ ಲಘು ಹಿಮ ಬಿದ್ದ ಮೇಲೂ ಎಲೆ ಹಸಿರಾಗಿದ್ದರೆ ಆಗುತ್ತದೆ. ಆ ಹೊತ್ತಿಗೆ ಗಿಡ ಚಳಿಗಾಲಕ್ಕೆಂದು ಆಹಾರವನ್ನು ಎಲೆಯಿಂದ ಬಳ್ಳಿಗೂ ಬೇರಿಗೂ ಸಾಗಿಸುತ್ತಿರುತ್ತದೆ, ಔಷಧಿಯೂ ಅದರ ಜೊತೆ ಕೆಳಗಿಳಿಯುತ್ತದೆ. ಜುಲೈನಲ್ಲಿ ಹೊಡೆದರೆ ಎಲೆ ಸುಡುತ್ತದೆ, ಬೇರು ಬದುಕುತ್ತದೆ. ಅದು ತಪ್ಪಿದರೆ ಮುಂದಿನ ಅವಕಾಶ ವಸಂತದಲ್ಲಿ ಹೂ ಬಿಟ್ಟಾಗ. ಜೇನ್ನೊಣಗಳು ಆ ಹೂಗಳಿಗೆ ಬರುತ್ತವೆ, ಹಾಗಾಗಿ ಶರದೃತುವೇ ವಾಸಿ.

ಹೊಡೆಯುವ ಎರಡು ದಿನ ಮುಂಚೆ ಮತ್ತು ಆಮೇಲೆ ಎರಡು ದಿನ ಹುಲ್ಲು ಕತ್ತರಿಸಬೇಡಿ, ಎಲೆ ಇದ್ದಷ್ಟೂ ಔಷಧಿ ಒಳಗೆ ಹೋಗುತ್ತದೆ. ಗಾಳಿ ಇಲ್ಲದ, ಮುಂದಿನ 24 ಗಂಟೆ ಮಳೆ ಇಲ್ಲದ ದಿನ ಆರಿಸಿಕೊಳ್ಳಿ. ಎಲೆ ತೇವವಾದರೆ ಸಾಕು, ತೊಟ್ಟಿಕ್ಕುವಷ್ಟು ಬೇಡ. ಪ್ರಮಾಣ ಡಬ್ಬಿಯ ಲೇಬಲ್ಲಿನಲ್ಲಿರುವಷ್ಟೇ, ಹೆಚ್ಚು ಹಾಕಿದರೆ ಎಲೆ ಬೇಗ ಸುಟ್ಟು ಬೇರಿಗೆ ಹೋಗುವುದು ಕಡಿಮೆಯಾಗುತ್ತದೆ. ಒಂದೇ ಸಲಕ್ಕೆ ಮುಗಿಯುವುದಿಲ್ಲ, ಲೇಬಲ್ ಒಪ್ಪಿದರೆ ಮೂರು-ನಾಲ್ಕು ವಾರ ಬಿಟ್ಟು ಇನ್ನೊಮ್ಮೆ.

ಇದೆಲ್ಲಕ್ಕಿಂತ ಮೊದಲು ಕೇಳಬೇಕಾದ್ದು ಅಲ್ಲಿ ಹುಲ್ಲು ಏಕೆ ಸೋತಿತು ಎಂದು. ಮೇಪಲ್ ನೆರಳು ದಟ್ಟ, ಬೇರು ಮೇಲೇ ಹರಿದು ನೀರು ಕುಡಿಯುತ್ತದೆ, ಕೆಂಟಕಿ ಬ್ಲೂಗ್ರಾಸ್ ಅಲ್ಲಿ ಬಾಳುವುದಿಲ್ಲ. ಕಳೆ ತೆಗೆದು ಜಾಗ ಖಾಲಿ ಬಿಟ್ಟರೆ ಎರಡು ವರ್ಷದಲ್ಲಿ ಮತ್ತೆ ಗ್ರೌಂಡ್ ಐವಿಯೇ. ಕೆಳಗಿನ ಕೊಂಬೆ ಒಂದಷ್ಟು ಕತ್ತರಿಸಿ ಬೆಳಕು ಬಿಡಿ, ನೆರಳು ತಾಳುವ ಫೈನ್ ಫೆಸ್ಕ್ಯೂ ಬಿತ್ತಿ, ಹುಲ್ಲನ್ನು ಮೂರರಿಂದ ಮೂರೂವರೆ ಇಂಚು ಎತ್ತರ ಇಡಿ. ಅಲ್ಲೂ ಹುಲ್ಲು ಬರದಿದ್ದರೆ ಹಟ ಬಿಟ್ಟು ಆ ಭಾಗಕ್ಕೆ ಮರದ ಚಕ್ಕೆಯ ಮಲ್ಚ್ ಹಾಸಿ.

ಕೊಲಂಬಸ್_ಹಿತ್ತಲು:

ತುಂಬಾ ಧನ್ಯವಾದ. ಕಾಂಡ ಚೌಕವೇ, ಎಲೆ ಎದುರುಬದುರು, ಪುದೀನ ವಾಸನೆ. ಗ್ರೌಂಡ್ ಐವಿ ಎಂಬುದು ಖಾತ್ರಿಯಾಯಿತು. ಇನ್ನೆರಡು ಕೇಳುವುದಿದೆ. ಹಿತ್ತಲ ಬೇಲಿಯ ಮೇಲೆ ಮೂರು ಮೂರು ಎಲೆಯ ಇನ್ನೊಂದು ಬಳ್ಳಿ ಹತ್ತಿದೆ, ಅದು ಪಾಯ್ಸನ್ ಐವಿಯೇ? ಟೊಮೇಟೊ ಮಡಿ ಹತ್ತು ಅಡಿ ದೂರದಲ್ಲಿದೆ, ಕಳೆನಾಶಕ ಹೊಡೆದರೆ ತೊಂದರೆಯೇ?

ಮಲೆನಾಡ_ಸೊಪ್ಪು:

ಮುಟ್ಟದೆ ನೋಡಿ. ಪಾಯ್ಸನ್ ಐವಿಯಲ್ಲಿ ನಡುವಿನ ಎಲೆಗೆ ಉದ್ದ ತೊಟ್ಟು, ಪಕ್ಕದ ಎರಡಕ್ಕೆ ತೊಟ್ಟು ಇದೆಯೋ ಇಲ್ಲವೋ ಎಂಬಷ್ಟು ಗಿಡ್ಡ. ಈ ಮೂರೆಲೆಯ ಗುಂಪುಗಳು ಬಳ್ಳಿಯ ಮೇಲೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬರುತ್ತವೆ. ಎದುರುಬದುರು ಬಂದಿದ್ದರೆ ಅದು ಬಾಕ್ಸ್ ಎಲ್ಡರ್ ಮರದ ಸಸಿ ಇರಬಹುದು. ಮುಳ್ಳು ಇಲ್ಲ. ಹಳೆಯ ಬಳ್ಳಿ ಮರಕ್ಕೋ ಬೇಲಿಗೋ ಕೂದಲಿನಂಥ ಬೇರುಗಳಿಂದ ಅಂಟಿರುತ್ತದೆ. ವರ್ಜೀನಿಯಾ ಕ್ರೀಪರ್ ಆಗಿದ್ದರೆ ಐದು ಎಲೆ, ಕುಡಿಬಳ್ಳಿಯ ತುದಿಯಲ್ಲಿ ಅಂಟುವ ಪುಟ್ಟ ಬಿಲ್ಲೆಗಳು. ಆದರೆ ಅದರ ಎಳೆಯ ಗಿಡದಲ್ಲಿ ಮೂರೇ ಎಲೆ ಇರುವುದೂ ಉಂಟು, ಬಾಸ್ಟನ್ ಐವಿಯಲ್ಲೂ ಹಾಗೇ. ಹಾಗಾಗಿ ಒಂದು ಕುಡಿ ನೋಡಿ ತೀರ್ಮಾನ ಮಾಡದೆ ಬಳ್ಳಿಯ ಬುಡದ ತನಕ ನೋಡಿ.

ಪಾಯ್ಸನ್ ಐವಿ ಮಾವು, ಗೇರುಗಳ ಕುಟುಂಬದ್ದು. ಮಾವಿನ ಸೊನೆ ತಾಗಿದರೆ, ಹಸಿ ಗೇರುಬೀಜ ಸುಲಿದರೆ ಕೈ ಬೊಕ್ಕೆ ಏಳುವವರು ಇದರ ಬಗ್ಗೆ ಹೆಚ್ಚು ಜಾಗ್ರತೆ ವಹಿಸಬೇಕು. ಉರುಶಿಯಾಲ್ ಎಂಬ ಎಣ್ಣೆ ಅದಕ್ಕೆ ಕಾರಣ. ತಾಗಿದ ಕೂಡಲೇ ಪಾತ್ರೆ ತೊಳೆಯುವ ಸೋಪು ಹಚ್ಚಿ ತಣ್ಣೀರಲ್ಲಿ ಚೆನ್ನಾಗಿ ತೊಳೆಯಬೇಕು, ಹತ್ತು ನಿಮಿಷ ದಾಟಿದರೆ ಚರ್ಮಕ್ಕೆ ಇಳಿಯಲು ಶುರು. ಎಣ್ಣೆ ಕೈಗವಸು, ಕತ್ತರಿ, ಶೂ ಲೇಸಿನ ಮೇಲೆ ಬಹುಕಾಲ ಉಳಿಯುತ್ತದೆ, ಉಪಕರಣಗಳನ್ನು ರಬ್ಬಿಂಗ್ ಆಲ್ಕೊಹಾಲ್‌ನಿಂದ ಒರೆಸಿ. ಚಳಿಗಾಲದಲ್ಲಿ ಎಲೆ ಉದುರಿದ ಬರೀ ಬಳ್ಳಿಯಲ್ಲೂ ಅದು ಇದೆ. ಯಾವ ಕಾರಣಕ್ಕೂ ಸುಡಬೇಡಿ, ಹೊಗೆ ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆ ಸೇರಬೇಕಾಗುತ್ತದೆ.

ಗ್ರೌಂಡ್ ಐವಿಗೆ ಈ ಎಣ್ಣೆ ಇಲ್ಲ, ನಿಶ್ಚಿಂತೆಯಿಂದ ಕೀಳಿ. ನಿಜವಾದ ಇಂಗ್ಲಿಷ್ ಐವಿಯ ರಸದಲ್ಲಿರುವ ಫಾಲ್ಕರಿನಾಲ್ ಕೂಡ ಕೆಲವರಿಗೆ ಕೆರೆತ ತರುತ್ತದೆ, ಅದನ್ನು ಕತ್ತರಿಸುವಾಗ ಕೈಗವಸು ಇರಲಿ.

ಮಿಷಿಗನ್_ಹುಲ್ಲುಹಾಸು:

ಟೊಮೇಟೊ ಹತ್ತು ಅಡಿಯಲ್ಲಿದ್ದರೆ ಬೇಸಿಗೆಯಲ್ಲಿ ಸ್ಪ್ರೇ ಬೇಡವೇ ಬೇಡ. ಟೊಮೇಟೊ, ಬೀನ್ಸ್, ದ್ರಾಕ್ಷಿ ಈ ಔಷಧಿಗಳಿಗೆ ತೀರ ಸೂಕ್ಷ್ಮ. ಕಣ್ಣಿಗೆ ಕಾಣದ ಹನಿ ಬಂದು ಕೂತರೂ ಕುಡಿ ಎಲೆ ದಾರದಂತೆ ಸಣ್ಣಗಾಗಿ ತಿರುಚಿಕೊಳ್ಳುತ್ತದೆ. ಎಸ್ಟರ್ ರೂಪದ ಔಷಧಿ 85 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ದಿನ ಆವಿಯಾಗಿಯೂ ಹರಡುತ್ತದೆ. ಅಕ್ಟೋಬರಿನಲ್ಲಿ ಟೊಮೇಟೊ ಕಿತ್ತಾದ ಮೇಲೆ ಹೊಡೆಯಿರಿ, ಮಡಿಯ ಪಕ್ಕದ ನಾಲ್ಕು ಅಡಿ ಪಟ್ಟಿಯನ್ನು ಕೈಯಲ್ಲೇ ಕೀಳಿ. ಹೊಡೆದ ಮೇಲಿನ ಮೊದಲ ಮೂರು ಸಲದ ಹುಲ್ಲುಕತ್ತರಿಕೆಯನ್ನು ಮಲ್ಚ್ ಎಂದು ತರಕಾರಿ ಮಡಿಗೆ ಹಾಕಬೇಡಿ. ಕಳೆನಾಶಕದ ಸ್ಪ್ರೇಯರ್ ಬೇರೆಯೇ ಇರಲಿ. ಎಷ್ಟು ತೊಳೆದರೂ ರಬ್ಬರ್ ಪೈಪಿನಲ್ಲಿ ಶೇಷ ಉಳಿಯುತ್ತದೆ, ಅದರಲ್ಲೇ ಬೇವಿನೆಣ್ಣೆ ಕಲಸಿ ತರಕಾರಿಗೆ ಹೊಡೆದರೆ ಗಿಡ ಹೋಯಿತು.

ಕುಡ್ಲದ_ತೋಟ:

ತಂಬುಳಿ ಆಸೆ ಬಿಡಬೇಕಿಲ್ಲ, ಒಂದೆಲಗ ಕುಂಡದಲ್ಲಿ ಸಲೀಸಾಗಿ ಬರುತ್ತದೆ. ಆಳ ಬೇಡ, ಅಗಲ ಬೇಕು: ಆರು ಇಂಚು ಆಳ, ಒಂದಡಿ ಅಗಲದ ಬೋಗುಣಿ. ಎರಡು ಪಾಲು ಮಣ್ಣು, ಒಂದು ಪಾಲು ಕಾಂಪೋಸ್ಟ್. ಬೇರಿರುವ ಮೂರು-ನಾಲ್ಕು ಗೆಣ್ಣುಗಳನ್ನು ಮಣ್ಣಿಗೆ ಒತ್ತಿ, ಕುಂಡದ ಕೆಳಗೆ ನೀರಿನ ತಟ್ಟೆ ಇಟ್ಟು ಅದು ಒಣಗದಂತೆ ನೋಡಿಕೊಳ್ಳಿ. ಬೆಳಗಿನ ಬಿಸಿಲು ಸಾಕು. ಮಧ್ಯಾಹ್ನದ ಬಿಸಿಲಲ್ಲಿ ಎಲೆ ಚಿಕ್ಕದಾಗಿ ಹಳದಿ ತಿರುಗುತ್ತದೆ, ರುಚಿಯೂ ಕಹಿ ಏರುತ್ತದೆ. ರಾತ್ರಿ ತಾಪಮಾನ 50 ಡಿಗ್ರಿ ಫ್ಯಾರನ್‌ಹೀಟ್ ಕೆಳಗಿಳಿಯುವ ಮುಂಚೆ ಒಳಗೆ, ದಕ್ಷಿಣದ ಕಿಟಕಿಗೆ. ಕೊಯ್ಯುವಾಗ ಬುಡ ಸಮೇತ ಎಲ್ಲ ಕೀಳದೆ ಮೂರರಲ್ಲಿ ಒಂದು ಪಾಲು ತೆಗೆದು, ಉಳಿದ ಬಳ್ಳಿಯ ಕುಡಿಗಳನ್ನು ಖಾಲಿಯಾದ ಜಾಗಕ್ಕೆ ತಿರುಗಿಸಿ ಬಿಡಿ. ಸಸಿ ಕೊಳ್ಳುವಾಗ ಬ್ರಾಹ್ಮಿ ಎಂದು ಕೇಳಬೇಡಿ, ಸೆಂಟೆಲ್ಲಾ ಅಥವಾ ಗೋಟು ಕೋಲಾ ಎಂದು ಕೇಳಿ. ಕೊಟ್ಟ ಮೇಲೆ ಬಳ್ಳಿ ದುಂಡಗಿದೆಯೇ ಎಂದು ಬೆರಳಲ್ಲಿ ಹೊರಳಿಸಿ ನೋಡಿಯೇ ದುಡ್ಡು ಕೊಡಿ.